ಆಮೆನ್ ಅಂದ ಮೇಲೆ

ಮೇಸ್ತ್ರಿಗೆ ಮನಸ್ಸಿನೊಳಗೇ ಪ್ರಾರ್ಥನೆ ಮಾಡಿ ಗೊತ್ತಿರಲಿಲ್ಲ. ದೇವರಿಗೆ ಕಿವಿ ಮಂದವೇನೋ ಎನ್ನುವ ಹಾಗೆ, ನಿಂತ ಜಾಗದಲ್ಲೇ ಕಣ್ಣು ಮುಚ್ಚಿ, ಗಟ್ಟಿಯಾಗಿ ಶುರು ಮಾಡಿಬಿಡುತ್ತಿದ್ದ. ಬಸ್ಸು ಹತ್ತಿದರೆ ಡ್ರೈವರನಿಗಾಗಿ, ಆಸ್ಪತ್ರೆಗೆ ಹೋದರೆ ಪಕ್ಕದ ಹಾಸಿಗೆಯವನಿಗಾಗಿ, ಹೋಟೆಲಿನಲ್ಲಿ ಕೂತರೆ ಇನ್ನೂ ಬಾರದ ಚಹಾಕ್ಕಾಗಿ. ಒಮ್ಮೆ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಕಣ್ಣು ಮುಚ್ಚಿದವನು ತೆರೆಯುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಪಕ್ಕದಲ್ಲಿದ್ದ ಹೆಂಡತಿ ರೈಲು ಹೊರಟದ್ದನ್ನು ನೋಡಿಯೇ ಇದ್ದಳು. ಆದರೆ ಪ್ರಾರ್ಥನೆ ಮಾಡುವ ಗಂಡನ ತೋಳು ಹಿಡಿದು ಎಳೆದರೆ ಜನ ಏನಂದುಕೊಂಡಾರು ಎಂದು ಸುಮ್ಮನೆ ನಿಂತಿದ್ದಳು.

ಅವಳೂ ನಂಬಿದವಳೇ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು. ಆದರೆ ನಾಲ್ಕು ಜನರ ಮುಂದೆ ಬಾಯಿ ತೆರೆಯುವುದೆಂದರೆ ಅವಳಿಗೆ ಮೈಮೇಲೆ ಬಿಸಿನೀರು ಸುರಿದ ಹಾಗೆ.

"ರೀ, ದೇವರಿಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ. ಸ್ವಲ್ಪ ಮೆಲ್ಲಗೆ ಮಾಡಿದ್ರೆ ನಿಮ್ಮ ಗಂಟು ಏನು ಹೋಗುತ್ತೆ?"

"ದೇವರಿಗೆ ಕೇಳ್ಸುತ್ತೆ ಕಣೇ. ಪಕ್ಕದಲ್ಲಿ ಕೂತೋನಿಗೂ ಕೇಳಿಸ್ಲಿ ಅಂತ. ತನಗೋಸ್ಕರ ಒಬ್ಬ ಬೇಡಿಕೊಳ್ತಿದಾನೆ ಅಂತ ಗೊತ್ತಾದ್ರೆ ಅವನಿಗೂ ಧೈರ್ಯ ಅಲ್ವಾ?"

ಹೀಗೆ ಅಂದಮೇಲೆ ಅವನ ಜೊತೆ ಜಗಳ ಆಡುವುದಾದರೂ ಹೇಗೆ! ಅವಳು ಸೆರಗು ಎಳೆದುಕೊಂಡು ಬೇರೆ ಕಡೆ ನೋಡುತ್ತಿದ್ದಳು.

ಅವನು ದುಡಿಯುತ್ತಿದ್ದದ್ದು ಒಂದು ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟುಗಳು ವ್ಯಾನುಗಟ್ಟಲೆ ಬಂದು, ಒಗೆದು, ಇಸ್ತ್ರಿಯಾಗಿ ವಾಪಸ್ಸು ಹೋಗುತ್ತಿದ್ದವು. ಇಸ್ತ್ರಿ ವಿಭಾಗಕ್ಕೆ ಅವನೇ ಮೇಸ್ತ್ರಿ. ಇಸ್ತ್ರಿ ಎಂದರೆ ಕೈಯಲ್ಲಿ ಹಿಡಿಯುವಂಥದ್ದಲ್ಲ. ಆಳೆತ್ತರದ ಯಂತ್ರ, ಅದರೊಳಗೆ ಹಬೆಯಿಂದ ಕಾದ ರೋಲರುಗಳು. ಮುಂದೆ ಸಾಲಾಗಿ ನಿಂತ ಹೆಂಗಸರು ಒದ್ದೆ ಶೀಟಿನ ಅಂಚು ಹಿಡಿದು ಕೊಟ್ಟರೆ ರೋಲರುಗಳು ಎಳೆದುಕೊಂಡು, ಹಿಂದಿನಿಂದ ಒಣಗಿಸಿ ಹೊರಗೆ ಹಾಕುತ್ತಿದ್ದವು. ಸ್ವಿಚ್ಚು ಇದ್ದದ್ದು ಹಿಂಬದಿಯಲ್ಲಿ, ಹಬೆಯ ಕೊಳವೆಗಳ ಆಚೆ. ಅಲ್ಲಿ ಕೂರುತ್ತಿದ್ದ ಉದ್ದಣ್ಣನಿಗೆ ಮುಂದಿನವರ ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಒಂದು ಬೆಲ್ಲು. ಎಲ್ಲರ ಕೈಯೂ ಹೊರಗಿದೆ ಎಂದು ನೋಡಿಕೊಂಡು ಮೇಸ್ತ್ರಿ ಬೆಲ್ಲು ಒತ್ತಬೇಕು, ಕೇಳಿಸಿಕೊಂಡು ಉದ್ದಣ್ಣ ಸ್ವಿಚ್ಚು ಹಾಕಬೇಕು.

ಆ ಬೆಲ್ಲು ಕೆಟ್ಟು ಯಾವ ಕಾಲವಾಗಿತ್ತೋ. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಮೇಸ್ತ್ರಿ ಯಂತ್ರದ ಮುಂದೆ ನಿಂತು ಪ್ರಾರ್ಥನೆ ಮಾಡುವುದು ರೂಢಿ. ಚರ್ಚಿನ ಮುಖ ನೋಡದವರೂ ತಲೆ ತಗ್ಗಿಸಿ ನಿಲ್ಲುತ್ತಿದ್ದರು, ಕೊನೆಗೆ ಎಲ್ಲರೂ ಒಟ್ಟಿಗೆ "ಆಮೆನ್" ಎನ್ನುತ್ತಿದ್ದರು. ಬೆಲ್ಲು ಕೆಟ್ಟ ಮಾರನೇ ದಿನ ಉದ್ದಣ್ಣ ಆ ಆಮೆನ್ ಕೇಳಿಸಿಕೊಂಡೇ ಸ್ವಿಚ್ಚು ಹಾಕಿದ. ಆಮೇಲೆ ಚಹಾ ಮುಗಿದ ಮೇಲೂ ಒಂದು ಚಿಕ್ಕ ಪ್ರಾರ್ಥನೆ, ಊಟದ ಮೇಲೂ ಒಂದು, ಯಂತ್ರ ನಿಲ್ಲಿಸಿ ಮತ್ತೆ ಶುರು ಮಾಡುವಾಗೆಲ್ಲ ಒಂದು. "ಹೊಸ ಬೆಲ್ಲು ಯಾಕ್ರೀ, ನಮ್ಮ ಮೇಸ್ತ್ರಿ ಗಂಟಲಿಲ್ವಾ!" ಎಂದು ಮ್ಯಾನೇಜರೇ ನಗುತ್ತಿದ್ದ. ಅಲ್ಲಿಂದ ಅವನ ಹೆಸರು ಆಮೆನ್ ಮೇಸ್ತ್ರಿ ಎಂದೇ ಆಯಿತು.

ಅವರ ಮನೆ ಲಾಂಡ್ರಿಯ ಹಿಂಗೋಡೆಗೆ ಅಂಟಿಕೊಂಡ ಎರಡು ಕೋಣೆ, ಕಂಪನಿಯದೇ. ಬಾಯ್ಲರಿನ ಕಾವು ಗೋಡೆ ದಾಟಿ ಬರುತ್ತಿತ್ತು. ಮೇಸ್ತ್ರಿಯ ಮುದಿ ತಾಯಿ ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಆಮೆನ್ ಕೂಡ ಗೋಡೆ ದಾಟಿ ಅಡುಗೆಮನೆಗೆ ಬರುತ್ತಿತ್ತು. ಅದರ ಬೆನ್ನಿಗೇ ಯಂತ್ರದ ಗುಡುಗುಡು. ಬೆಳಗಿನ ಆಮೆನ್‌ಗೆ ಮೇಸ್ತ್ರಿಯ ಹೆಂಡತಿ ಬೇಳೆ ಇಡುತ್ತಿದ್ದಳು, ಮಧ್ಯಾಹ್ನದ್ದಕ್ಕೆ ಪಾತ್ರೆ ತೊಳೆಯುತ್ತಿದ್ದಳು.

ಆ ದಿನ ಒಂದು ಶೀಟು ರೋಲರಿಗೆ ಸುತ್ತಿಕೊಂಡು ಯಂತ್ರ ನಿಂತಿತು. ಇಂಥ ಹೊತ್ತಿಗೆ ಕರೆಯುವುದು ಗುಬ್ಬಿಯನ್ನು. ಸಣ್ಣ ಆಳು, ಸಣ್ಣ ತೋಳು, ಎಂಥ ಸಂದಿಗೂ ಕೈ ಹೋಗುತ್ತಿತ್ತು. ಅವನು ಕೈಗೆ ಚೀಲದ ಬಟ್ಟೆ ಸುತ್ತಿಕೊಂಡು ಮೊಣಕೈವರೆಗೆ ಒಳಗೆ ಹಾಕಿ ಶೀಟು ಬಿಡಿಸುತ್ತಿದ್ದ. ಅಷ್ಟರಲ್ಲಿ, ಹರಿದ ಶೀಟು ಹೊಲಿಯುವ ಹೆಂಗಸಿಗೆ ಆಸ್ಪತ್ರೆಯಿಂದ ಫೋನು ಬಂತು. ಅವಳ ಮಗುವಿಗೆ ಜ್ವರ ನೆತ್ತಿಗೇರಿದೆ, ಕಣ್ಣು ಬಿಡುತ್ತಿಲ್ಲ. ಅವಳು ಅಳುತ್ತಾ ಓಡಿಬಂದು ಮೇಸ್ತ್ರಿಯ ಕೈ ಹಿಡಿದುಕೊಂಡಳು.

"ಅಣ್ಣಾ, ನೀನೊಂದು ಮಾತು ಬೇಡ್ಕೋ ಅಣ್ಣಾ!"

ಮೇಸ್ತ್ರಿ ನಾಳೆ ಬಾ ಅನ್ನುವವನಲ್ಲ. ಅಲ್ಲೇ ನಿಂತು ಕಣ್ಣು ಮುಚ್ಚಿದ. ಹೆಂಗಸರೆಲ್ಲ ಸುತ್ತ ನೆರೆದರು. ಪರರ ಮಗುವಿಗಾಗಿ ಅವನು ತನ್ನ ಮಗನಿಗೆ ಬೇಡಿದ್ದಕ್ಕಿಂತ ಜೋರಾಗಿ ಬೇಡಿದ. ಎಲ್ಲರೂ "ಆಮೆನ್" ಅಂದರು. ಹಿಂದೆ ಕೂತ ಉದ್ದಣ್ಣ ಸ್ವಿಚ್ಚು ಹಾಕಿದ.

ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದವಳು ಎಲ್ಲವನ್ನೂ ಆ ಕ್ರಮದಲ್ಲೇ ಕೇಳಿದಳು. ಮೊದಲು ಆಮೆನ್, ಆಮೇಲೆ ಯಂತ್ರ, ಆಮೇಲೆ ಕಿರುಚಾಟ. ಚಾಕು ಹಿಡಿದೇ ಓಡಿದಳು. ಗುಬ್ಬಿಯ ಬಲಗೈ ಮಣಿಕಟ್ಟಿನಿಂದ ಕೆಳಗೆ ಉಳಿಯಲಿಲ್ಲ.

ಒಂದು ವಾರ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮೇಸ್ತ್ರಿ ತಟ್ಟೆಯ ಮುಂದೆ ಕೂತು ಸೂಪಿನಲ್ಲಿ ಚಮಚ ಆಡಿಸುತ್ತಿದ್ದ. ಆಸ್ಪತ್ರೆಗೆ ಹೋದರೆ ಗುಬ್ಬಿಯ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳಂತೆ. ಎರಡನೇ ವಾರ ಮ್ಯಾನೇಜರ್ ತಾನಾಗಿ ಮನೆಗೆ ಬಂದ. ಕಂಪನಿಯ ಮನೆಯೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಅವಳು ಇದ್ದುದರಲ್ಲಿ ಅಂಚು ಒಡೆಯದ ಕಪ್ಪು ಹುಡುಕಿ ಚಹಾ ಕೊಟ್ಟಳು.

"ನೋಡಿ ಮೇಸ್ತ್ರಿ, ಸರ್ಕಾರದಿಂದ ತನಿಖೆಗೆ ಬರ್ತಾರೆ. ನೀವು ಉದ್ದುದ್ದ ಏನೂ ಹೇಳ್ಬೇಡಿ. ಗುಬ್ಬಿ ಯಾರಿಗೂ ಹೇಳದೆ ತಾನಾಗೇ ಕೈ ಹಾಕಿದ. ಬೆಲ್ಲು ಸರಿಯಾಗಿತ್ತು. ಅಷ್ಟೇ."

"ಬೆಲ್ಲು ಸರಿಯಾಗಿರಲಿಲ್ವಲ್ಲ ಸಾರ್," ಎಂದ ಮೇಸ್ತ್ರಿ.

"ಈಗ ಸರಿಯಾಗಿದೆ. ನೆನ್ನೆನೇ ಹೊಸದು ಹಾಕ್ಸಿದೀನಿ." ಮ್ಯಾನೇಜರ್ ಚಹಾ ಊದಿಕೊಂಡ. "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಪ್ರಾರ್ಥನೆ ಕೇಳಿ ಯಂತ್ರ ಬಿಟ್ವಿ ಅಂದ್ರೆ ಮೊದಲು ತಲೆ ಹೋಗೋದು ನಿಮ್ದು. ಹಾಗೇ, ನಿಮ್ಮ ಮಗನ ವಿಷಯ ನನ್ನ ತಲೇಲಿದೆ. ಇನ್ನೂ ಎಷ್ಟು ದಿನ ಅಂತ ದಿನಗೂಲಿ ಮೇಲೆ ವ್ಯಾನು ಓಡಿಸ್ತಾನೆ ಪಾಪ."

ಅವನು ಹೋದ ಮೇಲೆ ಮಗ ಕುಣಿಯುವುದೊಂದು ಬಾಕಿ. ಅವನು ಮೆಚ್ಚಿದ ಹುಡುಗಿಯ ಅಪ್ಪ 'ಕೆಲಸ ಕಾಯಂ ಆಗಲಿ, ಆಮೇಲೆ ಬಾ' ಎಂದು ಬಾಗಿಲು ಹಾಕಿ ವರ್ಷವಾಗಿತ್ತು.

"ಒಂದು ಮಾತು ಹೇಳ್ಬೇಡ ಅಂತ ತಾನೇ ಕೇಳ್ತಿರೋದು? ಹೇಳು ಅಂತಲ್ವಲ್ಲ!" ಎಂದ ಮಗ.

"ಗುಬ್ಬಿ ತಪ್ಪು ಅಂತ ಆದ್ರೆ ಅವನಿಗೆ ಪರಿಹಾರ ಸಿಗಲ್ಲ ಕಣೋ. ಇರೋ ಒಂದು ಕೈಯಲ್ಲಿ ಏನು ಮಾಡ್ತಾನೆ?"

"ನೀನು ಕೆಲಸ ಕಳ್ಕೊಂಡ್ರೆ ಅವನಿಗೆ ಕೈ ಬರುತ್ತಾ ಅಪ್ಪ?"

ಗೋಡೆಗೆ ಒರಗಿದ್ದ ಅಜ್ಜಿ ಕಣ್ಣು ಬಿಡದೆಯೇ ಮಾತು ಎಸೆದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಕೈ ಹೋದೋನು ಅವನು, ತಪ್ಪೂ ಅವನದ್ದೇ. ಚೆನ್ನಾಗಿದೆ."

"ಅಜ್ಜಿ, ಮನೆ ಬಿಡಿಸಿದ್ರೆ ನಿನಗೆ ಈ ಬಿಸಿ ಗೋಡೆ ಎಲ್ಲಿ ಸಿಗುತ್ತೆ ಯೋಚನೆ ಮಾಡು."

"ನನಗೇನೋ, ಇವತ್ತೋ ನಾಳೆಯೋ ಮಣ್ಣಿಗೆ ಹೋಗೋಳು. ಅಲ್ಲಿ ಎಲ್ಲಾ ಗೋಡೆನೂ ತಣ್ಣಗೇ."

ಆ ವಾರ ಪಾದ್ರಿಯೂ ಬಂದರು, ಜೊತೆಗೆ ಚರ್ಚಿನ ಸಭೆಯ ಹಿರಿಯರೊಬ್ಬರು. ಮೇಸ್ತ್ರಿ ಇವರಾದರೂ ದಾರಿ ತೋರಿಸಿಯಾರು ಎಂದು ಆಸೆಯಿಂದ ಕುರ್ಚಿ ಒರೆಸಿ ಹಾಕಿದ. ಸುಳ್ಳು ಹೇಳು ಎಂದು ಪಾದ್ರಿಗಳು ಹೇಳಲಾರರು, ಹೇಳಬೇಡ ಎನ್ನಲೂ ಧೈರ್ಯವಿಲ್ಲ. ಬಾಯಲ್ಲಿ ಬಿಸಿ ತುಪ್ಪ. ಮಾತಾಡಿದ್ದು ಹಿರಿಯರು.

"ಮೊದಲೇ ಜನ ನಮ್ಮನ್ನ ಓರೆಗಣ್ಣಲ್ಲಿ ನೋಡ್ತಾರೆ. ಪ್ರಾರ್ಥನೆಯಿಂದ ಒಬ್ಬನ ಕೈ ಹೋಯ್ತು ಅಂತ ಪೇಪರಿನಲ್ಲಿ ಬಂದ್ರೆ ನಾಳೆ ನಾವು ಎಲ್ಲೂ ತಲೆ ಎತ್ತೋ ಹಾಗಿಲ್ಲ. ದೇವರಾದ ಕರ್ತನ ಹೆಸರನ್ನ ಕಾನೂನಿನ ಬಾಯಿಗೆ ಕೊಡ್ಬೇಡಪ್ಪ."

"ಕರ್ತನ ಹೆಸರು ಉಳಿಸೋಕೆ ಇವನು ಸುಳ್ಳು ಹೇಳ್ಬೇಕಾ? ಅಷ್ಟು ಬಡವನಾ ಆತ?" ಎಂದಳು ಅಜ್ಜಿ. ಮುದುಕಿಗೆ ಅರಳುಮರಳು ಎನ್ನುವ ಹಾಗೆ ಹಿರಿಯರು ನಕ್ಕು ಎದ್ದರು.

ಇಷ್ಟೆಲ್ಲ ಆದಮೇಲೂ ಮೇಸ್ತ್ರಿ ನಿಜ ಹೇಳಿಯೇ ತೀರುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಮೂವತ್ತು ಚಿಲ್ಲರೆ ವರ್ಷ ಸಂಸಾರ ಮಾಡಿದವಳಿಗೆ ಗಂಡನ ಬೆನ್ನು ನೋಡಿದರೂ ಗೊತ್ತಾಗುತ್ತದೆ. ತನಿಖೆಯ ಹಿಂದಿನ ಸಂಜೆ ಅವನು ಅಂಗಿಗೆ ಗುಂಡಿ ಹಾಕಿಕೊಡು ಎಂದ. ಅವಳು ಸೂಜಿ ಕೆಳಗಿಟ್ಟಳು.

"ರೀ, ಇಷ್ಟು ವರ್ಷದಲ್ಲಿ ನಿಮ್ಮನ್ನ ನಾನು ಏನಾದ್ರೂ ಕೇಳಿದೀನಾ? ಬಸ್ಸಲ್ಲಿ, ಸಂತೇಲಿ, ಆಸ್ಪತ್ರೇಲಿ, ಎಲ್ಲಾ ಕಡೆ ತಲೆ ತಗ್ಗಿಸಿಕೊಂಡು ನಿಂತೆ. ಒಂದು ದಿನ, ಒಂದೇ ಒಂದು ದಿನ, ಬಾಯಿ ಮುಚ್ಕೊಂಡಿರಿ. ನನಗೋಸ್ಕರ."

"ನನ್ನ ಕೈಲಿ ಸುಳ್ಳು ಹೇಳೋಕಾಗಲ್ಲ ಕಣೇ."

"ಸುಳ್ಳು ಯಾರು ಹೇಳಿ ಅಂದ್ರು? ನೋಡಲಿಲ್ಲ ಅಂತ ಹೇಳಿ. ಕಣ್ಣು ಮುಚ್ಚಿದ್ರಲ್ಲ, ನೋಡಿದ್ದೆಲ್ಲಿ?"

ಮೇಸ್ತ್ರಿ ಅವಳನ್ನೇ ನೋಡಿದ. ಇಂಥ ಮಾತು ಇವಳ ಬಾಯಲ್ಲಿ ಎಲ್ಲಿ ಹುಟ್ಟಿತು ಎಂದು ಅವನಿಗೆ ಆಶ್ಚರ್ಯ. ಅವಳಿಗೂ ಆಶ್ಚರ್ಯವೇ. "ಹೂಂ ಅನ್ನಿ. ನನ್ನಾಣೆ," ಎಂದಳು.

"ಆಣೆಗೀಣೆ ಇಡ್ಬೇಡ. ಹೂಂ ಅಂದ್ರೆ ಹೂಂ," ಎಂದ ಮೇಸ್ತ್ರಿ. ಅವಳು ಗುಂಡಿ ಹೊಲಿದುಕೊಟ್ಟಳು.

ತನಿಖೆ ನಡೆದದ್ದು ಲಾಂಡ್ರಿಯ ಕ್ಯಾಂಟೀನಿನಲ್ಲಿ, ಮೇಜುಗಳನ್ನು ಗೋಡೆಗೆ ಸರಿಸಿ. ಕನ್ನಡಕದ ಅಧಿಕಾರಿಣಿಯೊಬ್ಬರು ಬಂದಿದ್ದರು. ಮಾತು ಮೆತ್ತಗೆ, ಪೆನ್ನು ಚುರುಕು. ಉದ್ದಣ್ಣ ಬೆಲ್ಲು ಕೇಳಿಸಿತು ಎಂದ. ಹೇಳುವಾಗ ಅವನ ಹಣೆಯಿಂದ ನೀರು ಇಳಿಯುತ್ತಿತ್ತು. ಹೆಂಗಸರು ಒಬ್ಬೊಬ್ಬರಾಗಿ ನಮಗೇನೂ ಗೊತ್ತಿಲ್ಲ ಎಂದರು. ಶೀಟು ಹೊಲಿಯುವವಳು ಬಂದೇ ಇರಲಿಲ್ಲ. ಆಮೇಲೆ ಮೇಸ್ತ್ರಿಯ ಸರದಿ.

"ಯಂತ್ರ ಶುರುವಾದಾಗ ಗುಬ್ಬಿಯ ಕೈ ಒಳಗಿತ್ತು ಅನ್ನೋದನ್ನ ನೀವು ನೋಡಿದ್ರಾ?"

"ನಾನು ನೋಡಲಿಲ್ಲ," ಎಂದ ಮೇಸ್ತ್ರಿ. ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಅದು ಸರಿಯಾಗಿ ಕೇಳಿಸಲೂ ಇಲ್ಲ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಗಾಯಾಳುವಿನ ಹೇಳಿಕೆ ಪಡೆಯಲು ಇನ್ನೊಂದು ದಿನ ಕೂರುವುದಾಗಿ ಹೇಳಿ ಅಧಿಕಾರಿಣಿ ಎದ್ದರು.

ಬೇಡಿದ್ದೆಲ್ಲ ಸಿಕ್ಕಿತು. ಮಗನಿಗೆ ಕಾಯಂ ಆಗುವ ಮಾತು ಪಕ್ಕಾ ಆಯಿತು. ಅವನು ಖುಷಿಗೆ ಕೋಳಿ ತಂದ. ಅವಳು ಅದನ್ನು ಹುರಿದು ಎಲ್ಲರಿಗೂ ಬಡಿಸಿದಳು. ತಟ್ಟೆಗಳು ತುಂಬಿದವು, ಎಲ್ಲರೂ ಮೇಸ್ತ್ರಿಯ ಬಾಯಿ ನೋಡುತ್ತಾ ಕೂತರು. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವುದು ಅವನ ಕೆಲಸ. ಅವನು ತಲೆ ತಗ್ಗಿಸಿ ಒಂದು ಗಳಿಗೆ ಕೂತ. ಆಮೇಲೆ ಏನೂ ಹೇಳದೆ ಬ್ರೆಡ್ಡು ಮುರಿದುಕೊಂಡ.

"ಮುಗೀತಾ?" ಎಂದಳು ಅಜ್ಜಿ.

"ಊಟ ಮಾಡಮ್ಮ."

"ನನಗೆ ಕೇಳಿಸ್ಲೇ ಇಲ್ಲ."

"ಮನಸ್ಸಲ್ಲೇ ಮಾಡ್ದೆ."

ಮುದುಕಿ ತಟ್ಟೆ ಪಕ್ಕಕ್ಕೆ ಸರಿಸಿದಳು. "ನಿನ್ನ ಮನಸ್ಸಲ್ಲಿ ಈಗ ಜಾಗ ಎಲ್ಲಿದೆಯೋ?" ಎಂದವಳು ಅವತ್ತು ಊಟ ಮುಟ್ಟಲಿಲ್ಲ. ಮಗ ಸಿಟ್ಟಿಗೆದ್ದು ಎರಡು ಕಾಲು ತಾನೇ ತಿಂದ.

ಲಾಂಡ್ರಿಯಲ್ಲೂ ಹಾಗೇ. ಹೊಸ ಬೆಲ್ಲು ಕರ್ ಎನ್ನುತ್ತಿತ್ತು, ಯಂತ್ರ ಓಡುತ್ತಿತ್ತು. ಮೇಸ್ತ್ರಿ ಬಾಯಿ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಸುಮ್ಮನೆ ಕೂರುತ್ತಿದ್ದ, ಸಂತೆಯಲ್ಲಿ ಚೀಲ ಹಿಡಿದು ಹಿಂದೆ ಬರುತ್ತಿದ್ದ. ಭಾನುವಾರ ಚರ್ಚಿನಲ್ಲಿ ಹಿರಿಯರು ಅವನ ಕೈ ಕುಲುಕಿ "ಒಳ್ಳೆ ಕೆಲಸ ಮಾಡಿದೆ" ಎಂದಾಗ ಅವನು ಕೈ ಹಿಂದಕ್ಕೆ ಎಳೆದುಕೊಂಡ. ಯಾವ ಹೆಂಗಸೂ ಇಷ್ಟು ಸಾಧು ಗಂಡನನ್ನು ಕಂಡಿರಲಾರಳು. ಅವಳಿಗೆ ಅವನ ಪಕ್ಕದಲ್ಲಿ ನಡೆಯಲು ಭಯವಾಗತೊಡಗಿತು.

ಒಂದು ಮಧ್ಯಾಹ್ನ ಅವಳು ಸೂಪು ಮಾಡಿ ಡಬ್ಬಿಗೆ ಹಾಕಿಕೊಂಡು, ಯಾರಿಗೂ ಹೇಳದೆ ಗುಬ್ಬಿಯ ಮನೆಗೆ ಹೋದಳು. ಮನೆ ಎಂದರೆ ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆ. ಗುಬ್ಬಿಯ ಹೆಂಡತಿ ಬಾಗಿಲು ತೆರೆದವಳು ಒಳಗೆ ಬಾ ಅನ್ನಲಿಲ್ಲ.

"ಏನು, ನೋಡೋಕೆ ಬಂದ್ರಾ? ಕೈ ಬೆಳೆದಿದೆಯಾ ಅಂತ?"

"ಯಾರೇ ಅದು?" ಒಳಗಿನಿಂದ ಗುಬ್ಬಿ ಕೇಳಿದ. "ಅಕ್ಕನಾ? ಒಳಗೆ ಬಿಡೇ, ಬಿಸಿಲಲ್ಲಿ ಬಂದಿದಾರೆ."

ಅವನು ಎಡಗೈಯಲ್ಲಿ ಚಮಚ ಹಿಡಿದು ಅಭ್ಯಾಸ ಮಾಡುತ್ತಿದ್ದ. ಅಂಗಿಯ ಮೇಲೆಲ್ಲ ಗಂಜಿ ಚೆಲ್ಲಿತ್ತು. ಅವಳು ಡಬ್ಬಿ ಕೆಳಗಿಟ್ಟು ಏನು ಮಾತಾಡುವುದೆಂದು ತಿಳಿಯದೆ ಕೂತಳು. ಕ್ಷಮಿಸು ಎನ್ನಲೇ? ಎಂದರೆ ಯಾವುದಕ್ಕೆ ಎಂದು ಹೇಳಬೇಕಾಗುತ್ತದೆ.

"ಮೇಸ್ತ್ರಿ ಮೇಲೆ ನನಗೆ ಸಿಟ್ಟಿಲ್ಲಕ್ಕ," ಎಂದ ಗುಬ್ಬಿ. "ಇವಳಿಗಿದೆ. ನನಗೆ ಅನ್ನ ಇವಳೇ ತಿನ್ನಿಸ್ಬೇಕಲ್ಲ, ಅದಕ್ಕೆ. ಅವತ್ತು ನಾನಾದ್ರೂ ಕೈ ತೆಗೀಬಹುದಿತ್ತು. ಎಲ್ಲರೂ ತಲೆ ತಗ್ಗಿಸಿದ್ರು, ನಾನೂ ತಗ್ಗಿಸ್ದೆ. ಒಬ್ಬಳ ಮಗು ಸಾಯ್ತಿದೆ, ನಾನು ಶೀಟು ಎಳೀತಾ ಕೂತ್ರೆ ಚೆನ್ನಾಗಿರುತ್ತಾ? ನಿಮ್ಮ ಚರ್ಚಿಗೆ ನಾನು ಬಂದೋನಲ್ಲ. ಆದ್ರೂ ಆಮೆನ್ ಅಂದೆ. ಕೈ ಒಳಗೇ ಇತ್ತು, ಮರ್ತೇಬಿಟ್ಟೆ."

ಗುಬ್ಬಿ ಚಮಚ ಕೆಳಗಿಟ್ಟ.

"ಅದಿರ್ಲಿ ಅಕ್ಕ, ಆ ಮಗು ಹೇಗಿದೆ? ಯಾರನ್ನ ಕೇಳಿದ್ರೂ ಹೇಳ್ತಿಲ್ಲ."

ಅವಳಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಅವರ ಮನೆಯಲ್ಲಿ ಬೆಲ್ಲಿನ ಮಾತಾಗಿತ್ತು, ಕಾಯಂ ಕೆಲಸದ ಮಾತಾಗಿತ್ತು, ಕರ್ತನ ಹೆಸರಿನ ಮಾತೂ ಆಗಿತ್ತು. ಆ ಮಗುವಿನ ಸುದ್ದಿ ಯಾರೂ ಎತ್ತಿರಲಿಲ್ಲ. ಕೈ ಕಳೆದುಕೊಂಡವನ ಮುಂದೆ ಅವಳು ನಾಚಿಕೆಯಿಂದ ಕುಗ್ಗಿಹೋದಳು.

ಅಲ್ಲಿಂದ ನೇರ ಶೀಟು ಹೊಲಿಯುವವಳ ಬೀದಿಗೆ ಹೋದಳು. ಮಗು ಹೊಸ್ತಿಲ ಮೇಲೆ ಕೂತು ದಾರದ ಉಂಡೆ ಉರುಳಿಸುತ್ತಿತ್ತು. ಕೆನ್ನೆ ಇಳಿದಿತ್ತು, ಆದರೆ ಕಣ್ಣು ಚುರುಕಾಗಿತ್ತು. ತಾಯಿ ಅವಳನ್ನು ನೋಡಿದ್ದೇ ಮಗುವನ್ನು ಎತ್ತಿ ಮರೆಮಾಡಿಕೊಂಡಳು.

"ಚೆನ್ನಾಗಿದಾನಲ್ಲ, ಯಾಕೆ ಯಾರಿಗೂ ಹೇಳ್ಲಿಲ್ಲ?"

"ಯಾವ ಬಾಯಲ್ಲಿ ಹೇಳ್ಲಿ ಅಕ್ಕ? ಅವನ ಕೈ ಕೊಟ್ಟು ನನ್ನ ಮಗನ್ನ ತಗೊಂಡ ಹಾಗಾಯ್ತು. ಲಾಂಡ್ರಿ ಕಡೆ ಕಾಲು ಬರಲ್ಲ. ತನಿಖೆಗೆ ಬಂದ್ರೆ ಎಲ್ಲರೂ ನನ್ನನ್ನೇ ನೋಡ್ತಾರೆ." ಅವಳು ಅಳತೊಡಗಿದಳು, ಅವಳನ್ನು ನೋಡಿ ಮಗುವೂ ಅತ್ತಿತು.

ಸಂಜೆ ಮೇಸ್ತ್ರಿ ಕೈಕಾಲು ತೊಳೆದು ಬಂದಾಗ ಅವಳು ಒಲೆ ಹಚ್ಚಿರಲಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಮೇಸ್ತ್ರಿ ಕೇಳುತ್ತಾ ಕೇಳುತ್ತಾ ಹಾಗೇ ನೆಲದ ಮೇಲೆ ಕೂತುಬಿಟ್ಟ.

"ಅವನೂ ಆಮೆನ್ ಅಂದ್ನಾ?"

"ಅಂದ್ನಂತೆ." ಅವಳು ಅವನ ಎದುರು ಕೂತಳು. "ಅವತ್ತು ನಿಮ್ಮ ಹತ್ರ ಹೂಂ ಅನ್ನಿಸ್ಕೊಂಡೆನಲ್ಲ, ಅದನ್ನ ವಾಪಸ್ ತಗೊಂಡಿದೀನಿ. ಹೋಗಿ ಹೇಳಿ."

"ಮನೆ ಹೋಗುತ್ತೆ ಕಣೇ."

"ಗೊತ್ತು."

"ಮಗನ ಕೆಲಸ?"

ಒಳಕೋಣೆಯಲ್ಲಿ ಮಗ ಶಿಳ್ಳೆ ಹಾಕುತ್ತಾ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ಭಾನುವಾರ ಹುಡುಗಿಯ ಮನೆಗೆ ಹೋಗುವವನಿದ್ದ.

ಎರಡನೇ ಸಲ ಅಧಿಕಾರಿಣಿ ಬಂದಾಗ ಕ್ಯಾಂಟೀನು ತುಂಬಿತ್ತು. ಗುಬ್ಬಿ ಹೆಂಡತಿಯ ಜೊತೆ ಮುಂದಿನ ಬೆಂಚಿನಲ್ಲಿ ಕೂತಿದ್ದ. ಅಂಗಿಯ ಬಲತೋಳಿನ ಖಾಲಿ ತುದಿಯನ್ನು ಅವಳು ಪಿನ್ನು ಹಾಕಿ ಮಡಿಸಿದ್ದಳು. ಮಗ ವ್ಯಾನಿನ ಕೀಲಿ ಬೆರಳಲ್ಲಿ ತಿರುಗಿಸುತ್ತಾ ಕಿಟಕಿಯ ಹತ್ತಿರ ನಿಂತಿದ್ದ. ಗುಬ್ಬಿ ತನ್ನ ಮಾತು ಮುಗಿಸುವ ಮೊದಲೇ ಮೇಸ್ತ್ರಿ ಎದ್ದ.

"ಮೇಡಂ, ನಾನು ನೋಡಲಿಲ್ಲ ಅಂದಿದ್ದೆ. ಕಣ್ಣು ಮುಚ್ಚಿದ್ದೆ, ಅದಕ್ಕೆ ನೋಡಲಿಲ್ಲ. ಪ್ರಾರ್ಥನೆ ಮಾಡ್ತಿದ್ದೆ. ಬೆಲ್ಲು ಕೆಟ್ಟು ತುಂಬಾ ದಿನ ಆಗಿತ್ತು. ನಮ್ಮ ಆಮೆನ್ ಕೇಳಿನೇ ಯಂತ್ರ ಬಿಡ್ತಿದ್ರು. ಎಲ್ಲರ ಕೈ ಹೊರಗಿದೆಯಾ ಅಂತ ನೋಡ್ಬೇಕಾದೋನು ನಾನು. ನೋಡದೆ ಆಮೆನ್ ಅಂದೆ. ಗುಬ್ಬಿ ತಪ್ಪಿಲ್ಲ."

ಕ್ಯಾಂಟೀನಿನಲ್ಲಿ ಗುಸುಗುಸು ಎದ್ದಿತು. ಮ್ಯಾನೇಜರ್ ನಕ್ಕ. "ಮೇಡಂ, ಹೋದ ಸಲ ಒಂದು ಮಾತು, ಈ ಸಲ ಇನ್ನೊಂದು. ಇವರಿಗೆ ಮೈಗೆ ಹುಷಾರಿಲ್ಲ. ಇವರ ಮಾತು ಬಿಟ್ರೆ ಬೇರೆ ಯಾರಾದ್ರೂ ಹೇಳಿದಾರಾ? ಉದ್ದಣ್ಣ, ನೀನು ಕೇಳಿದ್ದು ಏನು?"

ಉದ್ದಣ್ಣ ಮೇಸ್ತ್ರಿಯ ಮುಖ ನೋಡಿದ, ಮ್ಯಾನೇಜರನ ಮುಖ ನೋಡಿದ. ಅವನಿಗೂ ಹೊಟ್ಟೆಪಾಡಿತ್ತು. "ಬೆಲ್ಲು," ಎಂದ.

"ಬೇರೆ ಯಾರಾದ್ರೂ ಇದೀರಾ?" ಅಧಿಕಾರಿಣಿ ಸುತ್ತ ನೋಡಿದರು. ಯಂತ್ರದ ಮುಂದೆ ದಿನವೂ ತಲೆ ತಗ್ಗಿಸುತ್ತಿದ್ದ ಹೆಂಗಸರು ಇವತ್ತೂ ತಲೆ ತಗ್ಗಿಸಿದರು. ಮೇಸ್ತ್ರಿ ಒಬ್ಬನೇ ನಡುವೆ ನಿಂತಿದ್ದ. ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿ ಸೆರಗು ಎಳೆದುಕೊಂಡಳು. ಎರಡು ಹೆಜ್ಜೆ ಒಳಗೆ ಬಂದಳು.

"ನಾನಿದೀನಿ."

"ನೀವು ಯಾರು? ಇಲ್ಲಿ ಕೆಲಸ ಮಾಡ್ತೀರಾ?"

"ಇಲ್ಲ. ಇವರ ಹೆಂಡತಿ. ನಮ್ಮ ಅಡುಗೆಮನೆ ಆ ಗೋಡೆ ಆಚೆಗೇ ಇದೆ. ಇಲ್ಲಿ ಏನಾದ್ರೂ ಅಲ್ಲಿಗೆ ಕೇಳ್ಸುತ್ತೆ. ನನ್ನ ದಿನ ನಡೆಯೋದೇ ಅದರ ಮೇಲೆ."

"ಅಮ್ಮಾ!" ಎಂದ ಮಗ. ಕೀಲಿ ತಿರುಗುವುದು ನಿಂತಿತ್ತು.

ಅವಳು ಆ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಲು ಆಗುತ್ತಿರಲಿಲ್ಲ. "ಆವತ್ತು ಬೆಲ್ಲು ಹೊಡೀಲಿಲ್ಲ ಮೇಡಂ. ಎಷ್ಟೋ ದಿನದಿಂದ ಹೊಡೀತಿರಲಿಲ್ಲ. ಆಮೆನ್ ಕೇಳಿಸ್ತು. ಕೂಡಲೇ ಯಂತ್ರದ ಸದ್ದು. ನೋಡಲಿಲ್ಲ ಅಂತ ಹೇಳಿ ಅಂತ ಇವರಿಗೆ ಹೇಳ್ಕೊಟ್ಟೋಳೂ ನಾನೇ. ಇವರು ಒಪ್ಪಿರಲಿಲ್ಲ."

"ಅಮ್ಮಾ, ನೀನೂನಾ?" ಮಗನ ದನಿ ಚಿಕ್ಕ ಹುಡುಗನ ದನಿಯ ಹಾಗೆ ಒಡೆಯಿತು. "ನೀನಾದ್ರೂ ನನ್ನ ಕಡೆ ಇದೀಯ ಅಂದ್ಕೊಂಡಿದ್ದೆ."

"ನಿನ್ನ ಕಡೆನೇ ಇದ್ದೆ ಕಣೋ. ಇಷ್ಟು ದಿನ ಇದ್ದೆ," ಎಂದಳು.

ಮಗ ಕೀಲಿಯನ್ನು ಮ್ಯಾನೇಜರನ ಮುಂದಿನ ಮೇಜಿನ ಮೇಲೆ ಎಸೆದು, ತಾಯಿಯ ಪಕ್ಕದಿಂದಲೇ ಹಾದು ಹೊರಗೆ ಹೋದ. ಹಿಂದೆ ಓಡಿಹೋಗಿ ಅವನ ಅಂಗಿ ಹಿಡಿದುಕೊಳ್ಳಬೇಕು ಅನ್ನಿಸಿತು ಅವಳಿಗೆ. ಅಧಿಕಾರಿಣಿ ಪೆನ್ನು ಹಿಡಿದು ಕಾಯುತ್ತಿದ್ದರು.

"ಯಂತ್ರದ ಸದ್ದು ಆದಮೇಲೆ?"

"ಕಿರುಚಿದ್ದು ಕೇಳಿಸ್ತು. ನಮ್ಮವರೇ ಅಂದ್ಕೊಂಡು ಓಡಿಬಂದೆ. ಇವರು ಬಾಗಿಲಲ್ಲಿ ನಿಂತಿದ್ರು, ಎರಡೂ ಕೈ ನೆಟ್ಟಗಿತ್ತು. ಒಳಗೆ ಬಿದ್ದಿದ್ದು ಗುಬ್ಬಿ." ಅವಳು ಮೊದಲ ಸಲ ಮುಂದಿನ ಬೆಂಚಿನ ಕಡೆ ತಿರುಗಿದಳು. ಗುಬ್ಬಿಯ ಹೆಂಡತಿ ಅವಳನ್ನೇ ನೋಡುತ್ತಿದ್ದಳು. "ಇವರಲ್ಲ, ಗುಬ್ಬಿ ಅಂತ ಗೊತ್ತಾದಾಗ ನನಗೆ ಸಮಾಧಾನ ಆಯ್ತು ಮೇಡಂ. ಅಲ್ಲೇ ನಿಂತು ದೇವರಿಗೆ ಸ್ತೋತ್ರ ಹೇಳ್ದೆ. ಅದನ್ನೂ ಬರ್ಕೊಳ್ಳಿ."